ಮುಚ್ಚಳ ತೆಗೆದ ಕೂಡಲೇ ಗಂಧದೆಣ್ಣೆ ಘಮ್ಮೆನ್ನಬೇಕಿಲ್ಲ

ಶ್ರೀಗಂಧದ ಎಣ್ಣೆ ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸೀಸೆಯ ಮುಚ್ಚಳ ತೆಗೆಯುತ್ತಾರೆ, ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆಯುತ್ತಾರೆ. ಆಮೇಲೆ ಮುಖ ಸಪ್ಪಗೆ. ‘ಇದೇನ್ ಸಾರ್, ವಾಸನೆನೇ ಇಲ್ವಲ್ಲ? ಏನಾದ್ರೂ ಬೆರೆಸಿದ್ದೀರಾ?’ ಅಂತ ಕೇಳುತ್ತಾರೆ. ಸುಗಂಧ ಬೆರೆಸುವ ಈ ಕೆಲಸದಲ್ಲಿ ನನಗೆ ಅತಿ ಬೇಸರ ತರುವ ಪ್ರಶ್ನೆ ಇದು.

ದಯವಿಟ್ಟು ಕೇಳಿ. ಅಸಲಿ ಗಂಧದೆಣ್ಣೆ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವುದಿಲ್ಲ. ಅದರ ಗುಣವೇ ಹಾಗೆ.

ನಮ್ಮ ಮೂಗಿಗೆ ಸಿಗುವುದು ಎಣ್ಣೆಯಿಂದ ಗಾಳಿಗೆ ಹಾರಿದ ಆವಿ ಮಾತ್ರ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಅಣುಗಳು ಹಗುರ. ಸಿಪ್ಪೆ ಹಿಂಡಿದರೆ ಇಡೀ ಕೋಣೆಗೆ ಗೊತ್ತಾಗುತ್ತದೆ, ಸ್ವಲ್ಪ ಹೊತ್ತಿಗೆ ಮಾಯವೂ ಆಗುತ್ತದೆ. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಅದು ಭಾರದ ಅಣು, ಕುದಿಯಲು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಮರದ ಚೇಗನ್ನು ಪುಡಿ ಮಾಡಿ ಹಬೆಯಲ್ಲಿ ಭಟ್ಟಿ ಇಳಿಸುವಾಗಲೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸತಾಯಿಸುತ್ತದೆ. ಕುದಿಯುವ ಹಬೆಗೇ ಬೇಗ ಜಗ್ಗದ್ದು ನಿಮ್ಮ ಒಂದು ಉಸಿರಿಗೆ ಜಗ್ಗುತ್ತದೆಯೇ?

ಉತ್ತರ ಪ್ರದೇಶದ ಕನೌಜದ ಅತ್ತರಿನವರು ಇದನ್ನು ಚೆನ್ನಾಗಿ ಬಲ್ಲರು. ತಾಮ್ರದ ಹಂಡೆಯಲ್ಲಿ ಗುಲಾಬಿ ಬೇಯಿಸಿ, ಅದರ ಆವಿಯನ್ನು ಗಂಧದೆಣ್ಣೆ ತುಂಬಿದ ಪಾತ್ರೆಗೆ ಇಳಿಸುವುದು ಅಲ್ಲಿನ ಹಳೆಯ ಪದ್ಧತಿ. ಗಂಧದೆಣ್ಣೆ ಗುಲಾಬಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಅದರ ಮೇಲೇರಿ ಕೂರುವುದಿಲ್ಲ. ಅದೇ ಅಬ್ಬರಿಸಿದ್ದರೆ ಗುಲಾಬಿಗೆ ಜಾಗವೆಲ್ಲಿರುತ್ತಿತ್ತು?

1916ರಲ್ಲೇ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಮೈಸೂರಿನ ಕಡೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರ ತಪ್ಪಲ್ಲ ಬಿಡಿ. ‘ಗಂಧ’ ಎಂದು ಹೆಸರಿಟ್ಟ ಎಷ್ಟೋ ಊದುಬತ್ತಿ, ಪೌಡರುಗಳಲ್ಲಿ ಇರುವುದು ಕೃತಕ ಸುಗಂಧ. ಎಲ್ಲರ ಮೂಗೂ ಅದಕ್ಕೇ ಒಗ್ಗಿಬಿಟ್ಟಿದೆ.

ಹಾಗಾದರೆ ನೋಡುವುದು ಹೇಗೆ? ಉದ್ದನೆಯ ಬಿಳಿ ಕಾಗದದ ಪಟ್ಟಿಯ ತುದಿಗೆ ಒಂದೇ ಹನಿ ಹಾಕಿ. ಮೇಲೆ ಹೊತ್ತು ಬರೆಯಿರಿ. ಅಡುಗೆಮನೆ, ದೇವರ ಕೋಣೆಯಿಂದ ದೂರ ಇಡಿ. ಹತ್ತು ನಿಮಿಷ ಬಿಟ್ಟು ಮೂಸಿ, ಆಮೇಲೆ ಒಂದು ಗಂಟೆಗೆ, ಸಂಜೆಗೆ, ಮರುದಿನ ಬೆಳಿಗ್ಗೆ. ಮೊದಲು ತುಸು ಹಸಿ ಮರದ ವಾಸನೆ. ನಂತರ ಬೆಚ್ಚಗಿನ, ಹಾಲಿನ ಕೆನೆಯಂಥ ಮೃದು ಘಮ. ಒಳ್ಳೆಯ ಎಣ್ಣೆಯಲ್ಲಿ ಅದು ಮರುದಿನವೂ ಹೆಚ್ಚು ಬದಲಾಗದೆ ಹಾಗೇ ಇರುತ್ತದೆ. ಸುಮ್ನೆ ಮತ್ತೆ ಮತ್ತೆ ಮೂಸುತ್ತಾ ಕೂರಬೇಡಿ, ಮೂಗು ದಣಿದು ಏನೂ ತಿಳಿಯದಂತಾಗುತ್ತದೆ. ಗಂಧದ ಕೆಲವು ಅಣುಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಅಂಥವರು ಮನೆಯವರ ಕೈಗೆ ಪಟ್ಟಿ ಕೊಡುವುದು ಒಳ್ಳೆಯದು.

ಒಬ್ಬರು ಸಿಟ್ಟಿನಿಂದ ಸೀಸೆ ವಾಪಸ್ ಕೊಟ್ಟು, ದುಡ್ಡು ಪಡೆದು ಹೋದರು. ಆಮೇಲೆ ಅವರ ಹೆಂಡತಿ ಫೋನ್ ಮಾಡಿದರು. ‘ಇವರ ಕರ್ಚೀಫು ಒಗೆದು ಬೀರುವಿನಲ್ಲಿಟ್ಟಿದ್ದೆ. ಬಾಗಿಲು ತೆಗೆದರೆ ಏನೋ ಚೆನ್ನಾಗಿ ಘಮ ಬರ್ತಿದೆ, ಅದು ನಿಮ್ಮಲ್ಲಿ ಸಿಗುತ್ತಾ?’ ಅಂದರು. ಆ ಸೀಸೆಯನ್ನೇ ಎತ್ತಿಟ್ಟೆ. ಆಯಮ್ಮನೇ ಬಂದು ಒಯ್ದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಘಮ ಮೆಲ್ಲಗಿದೆ ಎಂದ ಮಾತ್ರಕ್ಕೆ ಅಸಲಿ ಎಂದೂ ನಂಬಬೇಡಿ. ಹರಳೆಣ್ಣೆ ಬೆರೆಸಿದರೂ ಮೆಲ್ಲಗೇ ಇರುತ್ತದೆ! ಮೂಗಿನಿಂದ ಅಂದಾಜು ಸಿಗಬಹುದು, ಪ್ರಮಾಣಪತ್ರ ಸಿಗದು. ಜಾಸ್ತಿ ಕೊಳ್ಳುವವರು ಗ್ಯಾಸ್ ಕ್ರೊಮೆಟೋಗ್ರಫಿ ವರದಿ, ಅಂದರೆ ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿ ಕೇಳಿ. ನಮ್ಮ ಶ್ರೀಗಂಧದ ಎಣ್ಣೆಗೆ ಅಂತರರಾಷ್ಟ್ರೀಯ ಮಾನಕ ಐಎಸ್ಒ 3518 ಇದೆ. ಅದರ ಪ್ರಕಾರ ಸ್ಯಾಂಟಲಾಲ್‌ನ ಎರಡು ಬಗೆಗಳಾದ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ವರದಿಯಲ್ಲಿರುವ ಬ್ಯಾಚ್ ನಂಬರೂ ಸೀಸೆಯ ಮೇಲಿನದೂ ಒಂದೇನಾ ಅಂತ ನೋಡಿಕೊಳ್ಳಿ. ಬೇರೆ ಬ್ಯಾಚಿನ ವರದಿ ತೋರಿಸಿದರೆ ದುಡ್ಡು ಕೊಡುವ ಮೊದಲು ಸರಿಯಾದದ್ದನ್ನು ತರಿಸಿ.