ಸಂಜೆಗೇ ನಿಲ್ಲುವ ಹೌಸ್‌ಬೋಟ್‌ನಲ್ಲಿ ರಾತ್ರಿ ತಂಗಬೇಕೆ?

ಪ್ರಶ್ನೆ: ಅಲೆಪ್ಪಿಯ ಹೌಸ್‌ಬೋಟ್ ಸಂಜೆ ಐದೂವರೆಗೇ ನಿಂತುಬಿಡುತ್ತದಂತೆ. ಹಾಗಿದ್ದಮೇಲೆ ರಾತ್ರಿಗೂ ಸೇರಿಸಿ ದುಡ್ಡು ಕೊಡುವುದು ದಂಡವಲ್ಲವೇ? ನಾವು ನಾಲ್ವರು, ಜೊತೆಗೆ ವಯಸ್ಸಾದ ಅತ್ತೆ-ಮಾವ.

ನಿಲ್ಲುವುದು ನಿಜ. ಬಾಡಿಗೆ ಎಷ್ಟೇ ಕೊಟ್ಟಿರಲಿ, ಕತ್ತಲಾಗುವ ಮೊದಲು ದೋಣಿಯನ್ನು ದಡಕ್ಕೆ ಕಟ್ಟುತ್ತಾರೆ. ರಾತ್ರಿ ಹೊತ್ತು ವೆಂಬನಾಡ್ ಸರೋವರ ಮೀನುಗಾರರದು. ಅವರು ಬಲೆ ಬೀಸಿಟ್ಟಿರುತ್ತಾರೆ. ಅದು ಪ್ರೊಪೆಲರ್‌ಗೆ ಸುತ್ತಿಕೊಂಡರೆ ಅವರ ಬಲೆಯೂ ಹಾಳು, ನಿಮ್ಮ ಎಂಜಿನ್ನೂ ಬಂದ್. ಅದಕ್ಕಿಂತ ದೊಡ್ಡದು ಸುರಕ್ಷತೆಯ ಮಾತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಜೀವ ಕಳೆದುಕೊಂಡದ್ದು ಮಿತಿಮೀರಿ ಜನ ಹತ್ತಿಸಿಕೊಂಡು, ಕತ್ತಲಾದ ಮೇಲೆ ಓಡಿಸಿದಾಗ. ‘ಸ್ವಲ್ಪ ಮೇಲೆ ಕೊಡಿ, ರಾತ್ರಿಯೂ ಒಂದು ಸುತ್ತು ಹಾಕಿಸ್ತೀವಿ’ ಅನ್ನುವವರ ದೋಣಿ ಹತ್ತಲೇಬೇಡಿ.

ಈಗ ಲೆಕ್ಕಕ್ಕೆ ಬನ್ನಿ. ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಹತ್ತಿಸಿಕೊಂಡು ಮರುದಿನ ಬೆಳಿಗ್ಗೆ 9ಕ್ಕೆ ಇಳಿಸುತ್ತಾರೆ. ಈ 21 ಗಂಟೆಯಲ್ಲಿ ಊಟಕ್ಕೆ ಕಟ್ಟುವ ಹೊತ್ತು ಕಳೆದರೆ ದೋಣಿ ಓಡುವುದು ಮೊದಲ ದಿನ ನಾಲ್ಕು-ನಾಲ್ಕೂವರೆ ಗಂಟೆ, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಗಂಟೆಗೂ ಕಡಿಮೆ. ಓಡಾಟವೊಂದೇ ಬೇಕಿದ್ದರೆ ಹಗಲಿನ ಪ್ಯಾಕೇಜ್ ಧಾರಾಳ ಸಾಕು. ರಾತ್ರಿಯ ದುಡ್ಡು ಕೊಡುವುದು ನಿಲ್ಲುವ ಜಾಗಕ್ಕೆ. ಆದ್ದರಿಂದ ಬುಕ್ ಮಾಡುವಾಗ ರೂಮಿನ ಫೋಟೋ ನೋಡುವುದಕ್ಕಿಂತ ಮೊದಲು ಕೇಳಬೇಕಾದದ್ದು: ರಾತ್ರಿ ಎಲ್ಲಿ ಕಟ್ಟುತ್ತೀರಿ?

ದೋಣಿ ಹತ್ತುವ ಪುನ್ನಮಡದ ಫಿನಿಶಿಂಗ್ ಪಾಯಿಂಟ್ ಜೆಟ್ಟಿಯ ಆಸುಪಾಸಿನಲ್ಲೇ ವಾಪಸ್ ತಂದು ಸಾಲಾಗಿ ನಿಲ್ಲಿಸುವವರಿದ್ದಾರೆ. ಪಕ್ಕದ ದೋಣಿಯ ಡಿಜೆ ಹಾಡು, ಜನರೇಟರ್ ಹೊಗೆ, ಎದುರಿಗೆ ಇನ್ನೊಂದು ದೋಣಿಯ ಕಿಟಕಿ. ಅಲ್ಲಿ ಮಲಗುವುದಾದರೆ ಖಂಡಿತ ದಂಡ. ಕೈನಕರಿ ಕಡೆಯ ಗದ್ದೆ ಬದುವಿಗೆ ಕಟ್ಟುವವರು ಸಿಕ್ಕರೆ ಮಾತ್ರ ರಾತ್ರಿ ಉಳಿಯಿರಿ. ಕೈನಕರಿ ಇರುವ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ದೋಣಿಯಿಂದ ಬದುವಿಗೆ ಇಳಿದು ನಿಂತರೆ ಒಂದು ಪಕ್ಕದಲ್ಲಿ ಕಾಲಡಿಗೇ ನೀರು, ಇನ್ನೊಂದು ಪಕ್ಕದಲ್ಲಿ ಆಳೆತ್ತರ ಕೆಳಗೆ ಭತ್ತದ ಪೈರು. ನಡುವೆ ಇರುವುದು ಆ ಮಣ್ಣುಕಲ್ಲಿನ ಏರಿ ಒಂದೇ. ಒಳಗೆ ಜಿನುಗಿದ ನೀರನ್ನು ಪಂಪ್ ಹಾಕಿ ಹೊರಗೆ ಎತ್ತಿದರಷ್ಟೇ ಬೆಳೆ. ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತನೆ, ಮಾರ್ಚ್ ಹೊತ್ತಿಗೆ ಕೊಯ್ಲು. ಹಸಿರು ತುಂಬಿರುವುದು ಜನವರಿ, ಫೆಬ್ರವರಿಯಲ್ಲಿ. ಬೆಳಿಗ್ಗೆ ಆರಕ್ಕೆ ಎದ್ದು ಆ ಏರಿಯ ಮೇಲೆ ನಡೆದರೆ ಕೊಟ್ಟ ದುಡ್ಡು ಸಾರ್ಥಕ.

ದೋಣಿಯ ಗಾತ್ರವೂ ಮುಖ್ಯ. ಆರು ಜನಕ್ಕೆ ಮೂರು ಬೆಡ್‌ರೂಮಿನ ಒಂದಂತಸ್ತಿನ ದೋಣಿ ಸರಿಯಾಗುತ್ತದೆ. ಮೇಲೊಂದು ಡೆಕ್ ಇರುವ ದೊಡ್ಡ ದೋಣಿಗಳ ಮೆಟ್ಟಿಲು ಕಡಿದಾಗಿದ್ದು, ಮಂಡಿ ನೋವಿನವರು ಹತ್ತಲಾರರು. ಅವು ತಗ್ಗು ಸೇತುವೆಗಳ ಕೆಳಗೆ ತೂರಲಾರದೆ ಅಗಲ ಕಾಲುವೆಗಳಲ್ಲೇ ತಿರುಗುತ್ತವೆ. ಹತ್ತಿಳಿಯಲು ಎಷ್ಟೋ ಕಡೆ ಒಂದು ಹಲಗೆ ಅಷ್ಟೇ ಇಟ್ಟಿರುತ್ತಾರೆ. ಹಿರಿಯರಿದ್ದಾರೆಂದು ಮೊದಲೇ ಹೇಳಿ, ಜೆಟ್ಟಿಯ ಪಕ್ಕಕ್ಕೇ ತಾಗಿಸಿ ನಿಲ್ಲಿಸಲು ಕೇಳಿ. ಎಂಜಿನ್ ಮತ್ತು ಜನರೇಟರ್ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತವೆ. ಅತ್ತೆ-ಮಾವನಿಗೆ ಮುಂದಿನ ರೂಮು ಕೊಡಿ.

ಅತಿ ಹೆಚ್ಚು ಜಗಳ ಆಗುವುದು ಎಸಿ ವಿಷಯಕ್ಕೆ. ಕಡಿಮೆ ದರದ ಪ್ಯಾಕೇಜ್‌ಗಳಲ್ಲಿ ಎಸಿ ಅಂದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಬೆಡ್‌ರೂಮಿನಲ್ಲಿ ಮಾತ್ರ. ಹಗಲಿಗೂ ಬೇಕೆಂದರೆ ಬೇರೆ ದರ. ಗಂಟೆ ಸಮೇತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮಾರ್ಚ್ ನಂತರ ಹೋಗುವವರು ಹಗಲಿನ ಎಸಿ ಬಿಡಬೇಡಿ, ಸೆಕೆ ತಡೆಯಲಾಗದು. ಗದ್ದೆ ಪಕ್ಕ ಕಟ್ಟಿದಾಗ ಹುಳ, ಸೊಳ್ಳೆ ಬೆಳಕಿಗೆ ಮುತ್ತುತ್ತವೆ: ಆರು ಗಂಟೆಗೇ ರೂಮಿನ ಕಿಟಕಿ ಮುಚ್ಚಿ, ಊಟವಾದ ಕೂಡಲೇ ಡೆಕ್ಕಿನ ದೀಪ ಆರಿಸಲು ಹೇಳಿ.

ಊಟಕ್ಕೆ ಕೆಂಪಕ್ಕಿ ಅನ್ನ, ಸಾಂಬಾರು, ಪಲ್ಯ, ಹುರಿದ ಕರಿಮೀನು. ಸಂಜೆ ಚಹಾದ ಜೊತೆ ಬಾಳೆಹಣ್ಣಿನ ಬಜ್ಜಿ. ಅಡುಗೆಯವರು ಸಾಮಾನು ತರುವುದು ದೋಣಿ ಬಿಡುವ ಮೊದಲು. ಶುದ್ಧ ಸಸ್ಯಾಹಾರ, ಈರುಳ್ಳಿ-ಬೆಳ್ಳುಳ್ಳಿ ಬೇಡ, ಕೊಬ್ಬರಿ ಎಣ್ಣೆ ಒಗ್ಗದು, ಬೆಳ್ತಿಗೆ ಅನ್ನವೇ ಬೇಕು ಅನ್ನುವುದನ್ನೆಲ್ಲ ಹಿಂದಿನ ದಿನವೇ ತಿಳಿಸಿದರೆ ನಡೆಯುತ್ತದೆ, ಹತ್ತಿದ ಮೇಲೆ ಹೇಳಿದರೆ ಇಲ್ಲ. ದಾರಿಯಲ್ಲಿ ಮೀನಂಗಡಿ ಹತ್ತಿರ ನಿಲ್ಲಿಸಿದಾಗ ಸಿಗಡಿಯ ದರ ಕಿಲೋಗೆ ಎಷ್ಟು, ಮಾಡಿಕೊಡಲು ಬೇರೆ ದುಡ್ಡೇ ಎಂದು ಕೇಳಿ, ಕಣ್ಣೆದುರೇ ತೂಗಿಸಿ.

ಹತ್ತುವ ಮುಂಚೆ ದೋಣಿಯ ಮೈಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬುಕ್ ಮಾಡಿದ ದೋಣಿಯ ನಂಬರನ್ನೂ ಮೊದಲೇ ತರಿಸಿಕೊಂಡರೆ, ‘ಅದು ರಿಪೇರಿಯಲ್ಲಿದೆ, ಇದರಲ್ಲಿ ಹತ್ತಿ’ ಎಂದಾಗ ದರ ಇಳಿಸಲು ಕೇಳಬಹುದು. ತಲೆಗೊಂದು ಲೈಫ್ ಜಾಕೆಟ್, ಮಕ್ಕಳಿದ್ದರೆ ಅವರ ಅಳತೆಯದು, ಕೈಗೆ ಸಿಗುವ ಜಾಗದಲ್ಲಿರಬೇಕು.

ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಬೆಳಿಗ್ಗೆ ಎರ್ನಾಕುಲಂನಲ್ಲಿ ಇಳಿದರೆ, ಅಲ್ಲಿಂದ ರಸ್ತೆಯಲ್ಲಿ ಸುಮಾರು 55 ಕಿ.ಮೀ. ಹನ್ನೊಂದೂವರೆಗೆ ಜೆಟ್ಟಿಯಲ್ಲಿರಿ, ತಡವಾದರೆ ಕಳೆದ ಹೊತ್ತನ್ನು ಸಂಜೆ ತುಂಬಿಕೊಡಲು ಯಾರಿಂದಲೂ ಆಗದು. ಮಂಗಳೂರಿನವರಿಗೆ ಮಾವೇಲಿ ಎಕ್ಸ್‌ಪ್ರೆಸ್ ನೇರ ಆಲಪ್ಪುಳಕ್ಕೇ (ಅಲೆಪ್ಪಿಯ ಮಲಯಾಳಂ ಹೆಸರು) ಇದೆ, ಆದರೆ ನಸುಕಿಗೂ ಮುಂಚೆ ಇಳಿಸುತ್ತದೆ.

ಒಳ್ಳೆ ಜಾಗದಲ್ಲಿ ಕಟ್ಟುವ ದೋಣಿ ಸಿಗದಿದ್ದರೆ ನಮ್ಮ ಸಲಹೆ ಇದು: ದಡದ ಹೋಂಸ್ಟೇಯಲ್ಲಿ ತಂಗಿ, ಗಂಟೆ ಲೆಕ್ಕದಲ್ಲಿ ಶಿಕಾರ (ಚಾವಣಿ ಇರುವ ಚಿಕ್ಕ ದೋಣಿ) ಹಿಡಿಯಿರಿ. ದೊಡ್ಡ ದೋಣಿ ಹೋಗದ ಸಣ್ಣ ತೋಡುಗಳೊಳಗೆ ಅದು ಹೋಗುತ್ತದೆ, ಬಟ್ಟೆ ಒಗೆಯುವ ಮೆಟ್ಟಿಲು, ಮನೆ ಬಾಗಿಲಿಗೆ ಕಟ್ಟಿದ ಪುಟ್ಟ ದೋಣಿ ಎಲ್ಲ ಹತ್ತಿರದಿಂದ ಕಾಣುತ್ತವೆ. ಕೇರಳ ಜಲಸಾರಿಗೆ ಇಲಾಖೆಯ ಅಲೆಪ್ಪಿ-ಕೊಟ್ಟಾಯಂ ದೋಣಿಯಲ್ಲಿ ಊರ ಜನರ ಜೊತೆ ಸುಮಾರು ಎರಡೂವರೆ ಗಂಟೆಯ ಪಯಣ, ಟಿಕೆಟ್ ಬಸ್ಸಿನಷ್ಟೇ ಅಗ್ಗ. ಕರಾವಳಿಯವರು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರಂನಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್‌ಗಳು ಹೊರಡುತ್ತವೆ, ದಟ್ಟಣೆ ಅಲೆಪ್ಪಿಗಿಂತ ಎಷ್ಟೋ ಕಡಿಮೆ.