ಓದುಗರ ಪ್ರಶ್ನೆ: ಮೂಳೆ ಸರ್ಜನ್ ಒಬ್ಬರು ಸೇನೆಯ ವಿರುದ್ಧದ ಸರ್ಕಾರದಲ್ಲಿ ಮಂತ್ರಿಯಾದದ್ದೇಕೆ?

ಪ್ರಶ್ನೆ: ಮ್ಯಾನ್ಮಾರ್‌ನ ಡಾ. ಜಾವ್ ವೈ ಸೋ ಹೆಸರಾಂತ ಸರ್ಜನ್, ವೈದ್ಯಕೀಯ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು ಎಂದು ಓದಿದೆ. ಅಂಥವರು ಎಲ್ಲ ಬಿಟ್ಟು ಸೇನಾಡಳಿತವನ್ನು ವಿರೋಧಿಸುವ ಸರ್ಕಾರ ಸೇರಿದ್ದೇಕೆ? ಇದು ರೋಗಿಗಳನ್ನು ನಡುನೀರಿನಲ್ಲಿ ಕೈಬಿಟ್ಟಂತೆ ಆಗಲಿಲ್ಲವೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ಅದಕ್ಕೆ ಉತ್ತರ ಹೇಳುವ ಮೊದಲು ಅವರು ಬಿಟ್ಟು ಬಂದದ್ದು ಏನನ್ನು ಎಂದು ನೋಡೋಣ.

ಜಾವ್ ವೈ ಸೋ ಮೂಳೆ ಶಸ್ತ್ರಚಿಕಿತ್ಸಕರು. ಯಾಂಗೋನ್‌ನ ಒಂದನೇ ವೈದ್ಯಕೀಯ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದರು; ನಮ್ಮಲ್ಲಿ ಕುಲಪತಿ ಅನ್ನುತ್ತೇವಲ್ಲ, ಆ ಸ್ಥಾನ. ಆದರೆ ಅವರ ವೃತ್ತಿಜೀವನದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಕುರ್ಚಿಯಲ್ಲ, ತುರ್ತು ಚಿಕಿತ್ಸೆಗಾಗಿ ಅವರು ಮಾಡಿದ ಕೆಲಸ.

ತೊಡೆಯ ಮೂಳೆ ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಂದು ಲೀಟರಿಗೂ ಹೆಚ್ಚು ರಕ್ತ ತೊಡೆಯೊಳಗೇ ಸುರಿದುಹೋಗಬಹುದು. ಗಾಯಾಳು ಮಾತಾಡುತ್ತಲೇ ಇರುತ್ತಾನೆ, ನೀರು ಕೇಳುತ್ತಾನೆ, ಆಮೇಲೆ ತಣ್ಣಗಾಗುತ್ತಾನೆ. ಆಪರೇಷನ್ ಟೇಬಲ್ಲಿನ ಮೇಲೆ ಎಷ್ಟೇ ನುರಿತ ಕೈ ಕಾದಿದ್ದರೂ, ಅಲ್ಲಿಗೆ ಮುಟ್ಟುವ ಮೊದಲಿನ ಒಂದು ಗಂಟೆ ಸರಿಯಾಗಿ ಸಾಗದಿದ್ದರೆ ಫಲವಿಲ್ಲ. 2011ರ ನಂತರ ಮ್ಯಾನ್ಮಾರ್‌ನಲ್ಲಿ ಆಮದು ನಿಯಮ ಸಡಿಲವಾಗಿ ಜಪಾನಿನ ಹಳೇ ಕಾರುಗಳು ರಸ್ತೆ ತುಂಬಿದವು. ಆ ದೇಶದ ಸಂಚಾರ 1970ರಿಂದ ರಸ್ತೆಯ ಬಲಬದಿಗೆ; ಬಂದ ಕಾರುಗಳ ಸ್ಟೀರಿಂಗೂ ಬಲಕ್ಕೇ. ಮುಂದಿನ ವಾಹನ ದಾಟಬೇಕಾದರೆ ಎದುರಿನಿಂದ ಬರುವುದು ಚಾಲಕನಿಗೆ ಕಾಣುವುದೇ ಕಷ್ಟ. ಆದರೂ ತುರ್ತು ವೈದ್ಯಕೀಯ ಎಂಬ ಪ್ರತ್ಯೇಕ ವಿಭಾಗವೇ ಅಲ್ಲಿನ ವೈದ್ಯಶಿಕ್ಷಣದಲ್ಲಿ ಇರಲಿಲ್ಲ. 2013ರ ಡಿಸೆಂಬರಿನಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ಮ್ಯಾನ್ಮಾರ್‌ನಲ್ಲಿ ನಡೆಯುವುದಿತ್ತು. ಅದನ್ನೇ ನೆಪ ಮಾಡಿಕೊಂಡು ಜಾವ್ ವೈ ಸೋ ಮುಂದೆ ನಿಂತು, ಆಸ್ಟ್ರೇಲಿಯಾ ಮೊದಲಾದ ಕಡೆಯ ವೈದ್ಯರ ನೆರವಿನಿಂದ ಮೊದಲ ತುರ್ತು ಚಿಕಿತ್ಸಾ ಡಿಪ್ಲೊಮಾ ಕಟ್ಟಿದರು. ಹೀಗೆ ಕಟ್ಟುವಾಗ ಒಬ್ಬ ಸರ್ಜನ್‌ಗೆ ಆಂಬ್ಯುಲೆನ್ಸ್, ರಸ್ತೆ, ಬಜೆಟ್, ಮಂತ್ರಾಲಯ ಎಲ್ಲದರ ಜೊತೆಗೂ ವ್ಯವಹಾರ ಬೀಳುತ್ತದೆ. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಹೋಲಿಸಿದಾಗ ಮ್ಯಾನ್ಮಾರ್ 190ನೆಯದಾಗಿತ್ತು. ದಶಕಗಳ ಸೇನಾಡಳಿತ ಉಳಿಸಿಹೋದ ಆಸ್ತಿ ಅಷ್ಟೇ.

ಬರ್ಮೀ ಭಾಷೆಯಲ್ಲಿ ವೈದ್ಯರಿಗೆ ‘ಸಯಾವುನ್’ ಅನ್ನುತ್ತಾರೆ. ‘ಸಯಾ’ ಅಂದರೆ ಗುರು. ‘ವುನ್’ ಅಂದರೆ ಹೊರೆ, ಹೊಣೆ. ಮಂತ್ರಿಗೆ ಇರುವ ಪದ ‘ವುಂಜಿ’, ದೊಡ್ಡ ಹೊಣೆ ಹೊತ್ತವನು. ಎರಡು ಪದಗಳಲ್ಲೂ ಇರುವುದು ಅದೇ ‘ವುನ್’. ಈ ನಂಟು ತಿಳಿದ ಮೇಲೆ ಅವರ ನಡೆ ನನಗೆ ಅಷ್ಟೊಂದು ವಿಚಿತ್ರವೆನಿಸಲಿಲ್ಲ.

ಆ ದೇಶದಲ್ಲಿ ಆಸ್ಪತ್ರೆ ರಾಜಕೀಯದಿಂದ ದೂರ ಉಳಿದದ್ದೂ ಇಲ್ಲ. ಯಾಂಗೋನ್ ಜನರಲ್ ಆಸ್ಪತ್ರೆ, ಬ್ರಿಟಿಷರ ಕಾಲದ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ. ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಇಲ್ಲಿ ಚಿಕಿತ್ಸೆಗೆ ಬಂದಾಗ ಅವರನ್ನು ನೋಡಿಕೊಂಡ ನರ್ಸ್ ಖಿನ್ ಚಿ. ಮುಂದೆ ಅವರ ಮಡದಿಯಾದರು. 1988ರಲ್ಲಿ ಆ ತಾಯಿಗೆ ಪಾರ್ಶ್ವವಾಯು ಬಡಿದಾಗಲೇ ಮಗಳು, ಮುಂದೆ ಪ್ರಜಾಪ್ರಭುತ್ವ ಚಳವಳಿಯ ನಾಯಕಿಯಾದ ಆಂಗ್ ಸಾನ್ ಸೂಚಿ, ಇಂಗ್ಲೆಂಡಿನಿಂದ ಊರಿಗೆ ಬಂದದ್ದು. ಅದೇ ವರ್ಷ ಆಗಸ್ಟ್ 10ರಂದು ಸೈನಿಕರು ಅದೇ ಆಸ್ಪತ್ರೆಯತ್ತ ಗುಂಡು ಹಾರಿಸಿದರು. ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ನರ್ಸುಗಳು, ವೈದ್ಯರು ಗುಂಡೇಟು ತಿಂದರು. ಎರಡು ವಾರಗಳ ನಂತರ ಸೂಚಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಮಾತಾಡಿದ್ದು ಆ ಆಸ್ಪತ್ರೆಯ ಆವರಣದಲ್ಲೇ.

2021ರ ಫೆಬ್ರುವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಸಿಬ್ಬಂದಿ ಎದೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಅಸಹಕಾರಕ್ಕೆ ಇಳಿದರು. ಇಡೀ ದೇಶದ ಅಸಹಕಾರ ಚಳವಳಿಗೆ ಮೊದಲ ಹೆಜ್ಜೆ ಇಟ್ಟವರು ವೈದ್ಯರು, ನರ್ಸುಗಳು. ಪದಚ್ಯುತರಾದ ಸಂಸದರ ಸಮಿತಿ ಮಾರ್ಚ್ 2ರಂದು ನಾಲ್ವರು ಹಂಗಾಮಿ ಮಂತ್ರಿಗಳನ್ನು ಹೆಸರಿಸಿತು. ಅವರಲ್ಲಿ ಜಾವ್ ವೈ ಸೋ ಒಬ್ಬರು. ಮರುದಿನವೇ ಯಾಂಗೋನ್‌ನ ಉತ್ತರ ಒಕ್ಕಲಾಪದಲ್ಲಿ ಪೊಲೀಸರು ಸೇವಾಸಂಸ್ಥೆಯೊಂದರ ಆಂಬ್ಯುಲೆನ್ಸ್ ತಡೆದು, ಸಿಬ್ಬಂದಿಯನ್ನು ಕೆಳಗಿಳಿಸಿ, ಮಂಡಿಯೂರಿಸಿ ಬಂದೂಕಿನ ಹಿಡಿಯಿಂದ ಹೊಡೆದರು. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ಜಗತ್ತೇ ನೋಡಿತು. ಗಾಯಾಳು ಬದುಕಿ ಆಸ್ಪತ್ರೆ ತಲುಪಲಿ ಎಂದು ವರ್ಷಗಟ್ಟಲೆ ದುಡಿದವರಿಗೆ ಇದು ಹೊರಗಿನ ರಾಜಕೀಯವಾಗಿ ಕಾಣಲು ಹೇಗೆ ಸಾಧ್ಯ? ಏಪ್ರಿಲ್ 16ರಂದು ಸೇನೆಯನ್ನು ವಿರೋಧಿಸುವ ರಾಷ್ಟ್ರೀಯ ಏಕತಾ ಸರ್ಕಾರ ರಚನೆಯಾದಾಗ ಆರೋಗ್ಯ ಮತ್ತು ಶಿಕ್ಷಣ ಎರಡೂ ಖಾತೆಗಳು ಅವರಿಗೇ ಬಂದವು. ಸೇನೆ ಈ ಸರ್ಕಾರದವರ ಮೇಲೆ ದೇಶದ್ರೋಹದ ಪ್ರಕರಣ ಹೂಡಿತು, ಮೇ ತಿಂಗಳಲ್ಲಿ ಇಡೀ ಸರ್ಕಾರವನ್ನೇ ಭಯೋತ್ಪಾದಕ ಸಂಘಟನೆ ಎಂದು ಸಾರಿತು.

ಇನ್ನು ಕೈಬಿಟ್ಟ ಮಾತು. ಸರ್ಕಾರಿ ವಾರ್ಡುಗಳು ಖಾಲಿಯಾದಾಗ ಬಡವರಿಗೆ ಪೆಟ್ಟು ಬಿತ್ತು, ಅದನ್ನು ಮುಚ್ಚಿಡುವುದು ತಪ್ಪು. ಆ ವರ್ಷ ಜುಲೈನಲ್ಲಿ ಕೋವಿಡ್ ಅಲೆ ಎದ್ದಾಗ ಜನ ಆಮ್ಲಜನಕದ ಸಿಲಿಂಡರ್ ಹಿಡಿದು ಸಾಲುಗಟ್ಟಿ ನಿಂತರು. ಆದರೆ ಮುಷ್ಕರಕ್ಕಿಳಿದ ವೈದ್ಯರಲ್ಲಿ ಬಹಳಷ್ಟು ಜನ ರೋಗಿಗಳನ್ನು ನೋಡುವುದು ನಿಲ್ಲಿಸಿರಲಿಲ್ಲ. ಧರ್ಮಾರ್ಥ ಚಿಕಿತ್ಸಾಲಯಗಳಲ್ಲಿ, ಮನೆಗಳಲ್ಲಿ, ಫೋನಿನಲ್ಲಿ ನೋಡುತ್ತಿದ್ದರು. ಅವರ ಹೆಸರು, ಫೋಟೊಗಳನ್ನು ಸರ್ಕಾರಿ ಟಿವಿ ರಾತ್ರಿಯ ಸುದ್ದಿಯಲ್ಲಿ ಬೇಕಾದವರ ಪಟ್ಟಿಯಾಗಿ ಓದುತ್ತಿತ್ತು. ದೇಶದ ಲಸಿಕಾ ಕಾರ್ಯಕ್ರಮದ ಮುಖ್ಯಸ್ಥೆಯಾಗಿದ್ದ ಡಾ. ಟಾರ್ ಟಾರ್ ಲಿನ್ ಅವರನ್ನು ಅದೇ ವರ್ಷದ ಜೂನ್‌ನಲ್ಲಿ ಬಂಧಿಸಲಾಯಿತು. ವೈದ್ಯರು ದುಡಿಯಲು ಒಪ್ಪದ್ದು ಸೇನೆಯ ಕೈಕೆಳಗೆ. ರೋಗಿಗೆ ಕೈಕೊಟ್ಟರು ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದೇ ನಾನು ನಂಬಿದ್ದೇನೆ. ಚಿಕಿತ್ಸೆ ಸಿಗದೆ ಸತ್ತವರ ಮನೆಯವರು ಇದನ್ನು ಒಪ್ಪದಿದ್ದರೆ ಅವರೊಡನೆ ವಾದಿಸುವ ಹಕ್ಕು ನನಗಿಲ್ಲ.

ಮಂತ್ರಿಯಾದರೂ ಅವರ ಕೈಯಲ್ಲಿ ಆಸ್ಪತ್ರೆ ಕಟ್ಟಡಗಳಿರಲಿಲ್ಲ. ಗಡಿ ಸೀಮೆಯಲ್ಲಿ ಕರೆನ್, ಕರೆನ್ನಿ, ಕಚಿನ್, ಚಿನ್ ಜನರ ಆರೋಗ್ಯ ಸಂಘಟನೆಗಳು ದಶಕಗಳಿಂದ ಇದ್ದವು. ಬೆನ್ನಿಗೆ ಔಷಧದ ಚೀಲ ಹೊತ್ತು ಕಾಡು ದಾಟಿ ಹೋಗುವ ಕಾರ್ಯಕರ್ತರು ಇದ್ದರು. ಥಾಯ್ಲೆಂಡ್ ಗಡಿಯ ಮೇ ಸೋಟ್‌ನಲ್ಲಿ ಡಾ. ಸಿಂಥಿಯಾ ಮಾಂಗ್ 1989ರಲ್ಲಿ ತೆರೆದ ಮೇ ತಾವ್ ಕ್ಲಿನಿಕ್ ಇತ್ತು. ಯಾಂಗೋನ್‌ನಿಂದ ಬಂದ ವೈದ್ಯರು ಇಂಥವರ ಜೊತೆ ಸೇರಿ ಕೆಲಸ ಮಾಡುವುದನ್ನು ಕಲಿಯಬೇಕಾಯಿತು.

ಶಿಕ್ಷಣ ಖಾತೆಯ ಕಷ್ಟ ಇನ್ನೊಂದು ಬಗೆಯದು. ತರಗತಿ ಬಹಿಷ್ಕರಿಸಿದ ವೈದ್ಯ ವಿದ್ಯಾರ್ಥಿಗಳು ಸಾವಿರಾರು. ಔಷಧಶಾಸ್ತ್ರವನ್ನು ಫೋನಿನ ಪರದೆಯ ಮೇಲೆ ಕಲಿಸಬಹುದು, ಅದೂ ಇಂಟರ್ನೆಟ್ ಕಡಿತವಾಗದ ಊರಿನಲ್ಲಿ. ಮುರಿದ ತೊಡೆಯನ್ನು ಎಳೆದು ನೇರ ಮಾಡುವುದನ್ನು ಪರದೆಯ ಮೇಲೆ ಕಲಿಸಲಾಗದು. ಅದಕ್ಕೆ ಒಬ್ಬ ರೋಗಿ ಬೇಕು, ಪಕ್ಕದಲ್ಲಿ ನಿಂತು ಕೈ ತಿದ್ದುವ ಒಬ್ಬ ಸಯಾ ಬೇಕು.