ಒಂದು ಮೊಳ ನೀರಿನ ಹಕ್ಕಿಗಳು

ಡಿಸೆಂಬರಿನಲ್ಲಿ ಮಂಡಗದ್ದೆಗೆ ಹೋಗಿ, ಹಕ್ಕಿಯೇ ಇಲ್ಲವಲ್ಲ ಎಂದು ಬೇಸರಪಟ್ಟು ಮರಳುವವರು ಶಿವಮೊಗ್ಗದಲ್ಲಿ ತುಂಬ ಜನ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಆ ಪುಟ್ಟ ನಡುಗಡ್ಡೆಯ ಸಡಗರವೆಲ್ಲ ಮಳೆಗಾಲದ್ದು. ತುಂಗೆ ಕೆಂಪಗೆ ತುಂಬಿ ಹರಿಯುವಾಗ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರಿಗಳ ರೆಕ್ಕೆ ಬಲಿತು ಚಳಿ ಬೀಳುವ ಹೊತ್ತಿಗೆ ಜಾಗ ಖಾಲಿ ಮಾಡುತ್ತವೆ. ಚಳಿಗಾಲದ ಅತಿಥಿಗಳ ಲೆಕ್ಕ ಬೇರೆ. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬರುವ ಬಾತುಗಳು ಇಲ್ಲಿ ಗೂಡು ಕಟ್ಟುವುದಿಲ್ಲ, ಹೊಟ್ಟೆ ತುಂಬಿಸಿಕೊಳ್ಳಲು ಬರುತ್ತವೆ. ಅವು ಬೇಕೆಂದರೆ ಮೊದಲು ನೋಡಬೇಕಾದ್ದು ನೀರಿನ ಆಳ.

ಸೂಜಿಬಾಲದ ಬಾತು, ಚಲುಕದ ಬಾತು, ಗಾರ್ಗೇನಿ, ನಮ್ಮಲ್ಲೇ ವರ್ಷವಿಡೀ ಇರುವ ಚುಕ್ಕೆಕೊಕ್ಕಿನ ಬಾತು ಇವೆಲ್ಲ ನೀರಿನಡಿ ಈಜಿ ಬೇಟೆಯಾಡುವ ಜಾತಿಯವಲ್ಲ. ತೇಲುತ್ತಲೇ ತಲೆ ಮುಳುಗಿಸಿ, ಬಾಲ ಆಕಾಶಕ್ಕೆ ಎತ್ತಿ, ಕೊಕ್ಕು ಎಟುಕಿದಷ್ಟು ಆಳದಲ್ಲಿ ಕೆಸರು ಕೆದಕುತ್ತವೆ. ಆ ಎಟುಕು ಹೆಚ್ಚೆಂದರೆ ಒಂದು ಮೊಳ. ಅದರೊಳಗೆ ಸಿಗುವ ಜಲಸಸ್ಯಗಳ ಬೀಜ, ಬಸವನಹುಳು, ಕೆಸರಿನ ಕೆಂಪು ಹುಳುಗಳೇ ಅವುಗಳ ಊಟ. ಕೊರಳು ಉದ್ದವಿರುವ ಸೂಜಿಬಾಲದ ಬಾತು ಉಳಿದವಕ್ಕಿಂತ ತುಸು ಆಳದಲ್ಲಿ ಮೇಯುತ್ತದೆ. ಹಾಗಾಗಿ ಒಂದೇ ಕೆರೆಯಲ್ಲಿ ಯಾವ ಬಾತು ಎಲ್ಲಿ ಮೇಯುತ್ತಿದೆ ಎಂದು ಗಮನಿಸಿದರೆ ನೀರಿನ ಆಳ ದಡದಿಂದಲೇ ಅಂದಾಜಿಗೆ ಸಿಗುತ್ತದೆ.

ಲಿಂಗನಮಕ್ಕಿಯಂಥ ಜಲರಾಶಿ ಪಕ್ಕದಲ್ಲಿದ್ದೂ ಸಾಗರ, ಹೊಸನಗರದವರಿಗೆ ಬಾತುಗಳ ದೊಡ್ಡ ಹಿಂಡು ಕಾಣುವುದು ಅಪರೂಪವೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ. 1964ರಲ್ಲಿ ಮುಗಿದ ಆ ಅಣೆಕಟ್ಟು ತುಂಬಿಸಿದ್ದು ಗುಡ್ಡಗಳ ನಡುವಿನ ಕಣಿವೆಯನ್ನು. ದಡದಿಂದ ನಾಲ್ಕು ಹೆಜ್ಜೆ ಇಳಿದರೆ ಆಳ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅದು ಸರಿ, ಬಾತಿಗೆ ಒಗ್ಗದು. ಬಾತು ನೋಡಬೇಕೆನ್ನುವವರು ಪೂರ್ವಕ್ಕೆ, ಅರೆಮಲೆನಾಡಿನತ್ತ ಹೊರಡಬೇಕು: ಶಿಕಾರಿಪುರದ ಕೆರೆಗಳು, ಅಂಜನಾಪುರ ಜಲಾಶಯ, ಇನ್ನೂ ಮುಂದಕ್ಕೆ ಚನ್ನಗಿರಿಯ ಸೂಳೆಕೆರೆ. ಇವುಗಳ ಅಂಗಳ ಅಗಲ, ಇಳಿಜಾರು ಮೆಲ್ಲನೆಯದು.

ಹಳೆಯ ಕೆರೆ ಕಟ್ಟಿದವರ ಜಾಣ್ಮೆ ಇಲ್ಲಿ ಮೆಚ್ಚುವಂಥದ್ದು. ಏರಿಯ ಬುಡದಲ್ಲಿ ಆಳ, ನೀರು ಬಂದು ಸೇರುವ ಕಡೆ ತೆಳು. ಮಳೆ ನಿಂತು, ಬೇಸಿಗೆ ಬೆಳೆಗೆ ತೂಬು ಎತ್ತಿದ ಮೇಲೆ ನೀರಿನ ಅಂಚು ದಿನದಿನಕ್ಕೆ ಒಳಸರಿಯುತ್ತದೆ. ನಿನ್ನೆ ಮೊಳ ನೀರಿದ್ದಲ್ಲಿ ಇಂದು ಹಸಿ ಕೆಸರು, ನಿನ್ನೆ ಆಳವಿದ್ದಲ್ಲಿ ಇಂದು ಮೊಳ ನೀರು. ನವೆಂಬರಿನಿಂದ ಮಾರ್ಚಿನವರೆಗೆ ದಿನಾ ಹೊಸ ಎಲೆ ಹಾಕಿ ಬಡಿಸಿದ ಹಾಗೆ. ವಲಸೆ ಬಾತುಗಳು ಇಲ್ಲಿರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಆದ್ದರಿಂದ ಬೈನಾಕ್ಯುಲರನ್ನು ಕೆರೆಯ ನಡುವಿಗೆ ಹಿಡಿಯುವ ಬದಲು ಏರಿಯ ಎದುರು ದಡದ ಜೊಂಡಿನ ಅಂಚಿಗೆ ಹಿಡಿಯಿರಿ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪೇ.

ಹೊಸಬರು ಎಡವುವುದು ಗಂಡು ಬಾತುಗಳಲ್ಲಿ. ಪುಸ್ತಕದ ಚಿತ್ರದಲ್ಲಿ ಗಾರ್ಗೇನಿ ಗಂಡಿಗೆ ಕಣ್ಣ ಮೇಲೆ ಅಗಲವಾದ ಬಿಳಿ ಹುಬ್ಬು. ನವೆಂಬರಿನ ಕೆರೆಯಲ್ಲಿ ನೋಡಿದರೆ ಎಲ್ಲವೂ ಕಂದು, ಎಲ್ಲವೂ ಹೆಣ್ಣಿನಂತೆ. ಬಾತುಗಳು ವರ್ಷಕ್ಕೊಮ್ಮೆ, ಮರಿ ಮಾಡಿದ ನಂತರ, ರೆಕ್ಕೆಯ ಹಾರುಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಕೆಲವು ವಾರ ಹಾರಲಾಗದು. ಆ ಅಪಾಯದ ದಿನಗಳಲ್ಲಿ ಗಂಡು ತನ್ನ ಬಣ್ಣ ಕಳಚಿ ಹೆಣ್ಣಿನ ಮಾಸಲು ಗರಿ ಹೊದ್ದುಕೊಳ್ಳುತ್ತದೆ, ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಬೀಳದಿರಲು. ಸೂಜಿಬಾಲದ ಗಂಡಿಗೆ ಚಳಿಗಾಲದ ನಡುವೆಯೇ ಬಣ್ಣ ಮರಳುತ್ತದೆ. ಗಾರ್ಗೇನಿ ನಿಧಾನ, ಫೆಬ್ರವರಿಯ ತನಕ ಕಾಯಿಸುತ್ತದೆ. ಚಲುಕದ ಬಾತನ್ನು ಮಾತ್ರ ಯಾವ ತಿಂಗಳಲ್ಲೂ ಗುರುತಿಸಬಹುದು. ತುದಿಯಲ್ಲಿ ಅಗಲವಾದ ಕೊಕ್ಕು, ಅದರ ಅಂಚಿನುದ್ದಕ್ಕೂ ಸುಮಾರು 110 ನವಿರಾದ ಹಲ್ಲುಗಳ ಜರಡಿ. ಹಲವು ಸೇರಿ ವೃತ್ತಾಕಾರವಾಗಿ ಈಜಿ, ನೀರು ಕಲಕಿ, ಮೇಲೆದ್ದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತವೆ. ಅದನ್ನು ಒಮ್ಮೆ ಕೂತು ನೋಡಿದವರು ಬೇಗ ಏಳುವುದಿಲ್ಲ.

ಇನ್ನು ಕಡಲಕ್ಕಿ, ಅಂದರೆ ಗಲ್. ಗಾಜನೂರಿನಲ್ಲಿ, ಭದ್ರಾ ಹಿನ್ನೀರಿನಲ್ಲಿ ಗಲ್ ನೋಡಿದೆವೆಂದು ಹೇಳುವವರಲ್ಲಿ ಹೆಚ್ಚಿನವರು ನೋಡಿರುವುದು ರೀವ, ಅಂದರೆ ರಿವರ್ ಟರ್ನ್. ಚಳಿಗಾಲದಲ್ಲಿ ರೀವದ ತಲೆಯ ಕರಿ ಟೋಪಿ ಮಾಸುವುದರಿಂದ ಗೊಂದಲ ಹೆಚ್ಚುತ್ತದೆ. ಕೊಕ್ಕು ಹಳದಿಯೇ, ಬಾಲ ಆಳವಾಗಿ ಸೀಳಿದೆಯೇ, ಗಾಳಿಯಿಂದ ನೇರ ನೀರಿಗೆ ಧುಮುಕುತ್ತಿದೆಯೇ ನೋಡಿ. ಹಾಗಿದ್ದರೆ ರೀವ. ಕಡಲಕ್ಕಿ ಬಾತಿನಂತೆ ನೀರಿನ ಮೇಲೆ ಕೂತು ತೇಲುತ್ತದೆ, ರೀವ ಹಾಗೆ ಕೂರುವುದು ತೀರ ಕಡಿಮೆ. ಕಂದುತಲೆಯ ಕಡಲಕ್ಕಿ ಹುಟ್ಟುವುದು ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ರೆಕ್ಕೆಯ ಕಪ್ಪು ತುದಿಯೊಳಗೆ ಬಿಳಿ ಚುಕ್ಕೆಗಳು ಕಂಡರೆ ಅದೇ ಎಂದು ಖಚಿತ. ಒಳನಾಡಿನ ದೊಡ್ಡ ಜಲಾಶಯಗಳಲ್ಲಿ ಆಗೀಗ ಕಾಣಿಸುವುದುಂಟು. ಆದರೆ ಗುಂಪು ಬೇಕೆಂದರೆ ಸಿದ್ದಾಪುರದಿಂದ ಘಟ್ಟ ಇಳಿದು ಕುಮಟಾದ ಅಘನಾಶಿನಿ ಅಳಿವೆಗೆ ಹೋಗುವುದೇ ಸರಿ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ಸಿಕ್ಕಿದೆ. ಕೆರೆಯಲ್ಲಿ ವರ್ಷಕ್ಕೊಮ್ಮೆ ತೆರೆದುಕೊಳ್ಳುವ ಕೆಸರಂಚು ಅಲ್ಲಿ ಇಳಿತದ ದೆಸೆಯಿಂದ ದಿನಕ್ಕೆ ಎರಡು ಬಾರಿ ತೆರೆಯುತ್ತದೆ. ಉಪ್ಪುನೀರು ಕುಡಿದರೂ ಕಡಲಕ್ಕಿಗೆ ತೊಂದರೆಯಿಲ್ಲ: ಕಣ್ಣುಗಳ ಮೇಲ್ಗಡೆ ಇರುವ ಗ್ರಂಥಿಗಳು ಹೆಚ್ಚಿನ ಉಪ್ಪನ್ನು ಮೂಗಿನ ಮೂಲಕ ಹೊರಹಾಕುತ್ತವೆ.

ನನ್ನ ಚಿಂತೆ ಇರುವುದು ಈ ಅಂಚಿನ ಬಗ್ಗೆಯೇ. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಎಲ್ಲ ಕಡೆಯೂ ಒಂದೇ ಆಳಕ್ಕೆ ಅಗೆದು, ಸುತ್ತ ಕಲ್ಲು ಜೋಡಿಸಿ, ನಡಿಗೆಪಥ ಮಾಡಿದರೆ ನೀರು ಹೆಚ್ಚು ನಿಲ್ಲಬಹುದು. ಆದರೆ ಬಾತಿಗೆ ಬೇಕಾದ ಆ ಒಂದು ಮೊಳದ ಪಟ್ಟಿ ಇಲ್ಲವಾಗುತ್ತದೆ, ಅದರ ಜೊತೆಗೆ ಮೆಟ್ಟುಗಾಲು ಹಕ್ಕಿ, ದೇವನಕ್ಕಿಗಳ ಜಾಗವೂ. ಹೂಳು ಏರಿಯ ಕಡೆ ಎತ್ತಲಿ, ನೀರು ಬರುವ ಕಡೆಯ ಇಳಿಜಾರನ್ನೂ ಜೊಂಡನ್ನೂ ಹಾಗೇ ಬಿಡಲಿ. ರೈತರಿಗೂ ನಷ್ಟವಿಲ್ಲ. ಗ್ರಾಮಸಭೆಯಲ್ಲಿ ಕೆರೆ ಕಾಮಗಾರಿಯ ಮಾತು ಬಂದಾಗ ಇದನ್ನು ಕೇಳಿ ಬರೆಸಬೇಕು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಯಲ್ಲಿ ಊರ ಕೆರೆಯ ಹಕ್ಕಿಗಳನ್ನು ಎಣಿಸಿ ಕೊಟ್ಟಿದ್ದರೆ, ಅಂಥ ಸಭೆಯಲ್ಲಿ ಆ ಅಂಕಿಗಳಿಗೆ ತೂಕವಿರುತ್ತದೆ.

ಬಾತುಗಳು ಉತ್ತರಕ್ಕೆ ಹೊರಡುವ ಹೊತ್ತಿಗೆ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತಲೆ ಎತ್ತುತ್ತವೆ, ರೀವಗಳು ಅಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡಲು ಸೇರುತ್ತವೆ. ಆಗ ದೋಣಿಯನ್ನು ದೂರವೇ ನಿಲ್ಲಿಸಬೇಕು. ತಾಯಿಹಕ್ಕಿ ಬೆದರಿ ಮೇಲೆದ್ದರೆ ಬಿಸಿಲಿಗೆ ಬಿದ್ದ ಮೊಟ್ಟೆ ಬಹಳ ಹೊತ್ತು ತಾಳುವುದಿಲ್ಲ.